ಸೆರೆಮನೆಯ ಮಾತು, ಅರಮನೆಯ ಹೊಣೆ

ಯೂಸುಫ್ ಅಧ್ಯಾಯವನ್ನು ನಾವು ಹೆಚ್ಚಾಗಿ ಕಥೆಯೆಂದೇ ಓದಿ ಮುಗಿಸುತ್ತೇವೆ. ಆದರೆ ಅದರಲ್ಲೊಂದು ತೊಡಕಿದೆ. ಸೆರೆಮನೆಯಲ್ಲಿ ಪ್ರವಾದಿ ಯೂಸುಫರು(ಅ) ಜೊತೆ ಕೈದಿಗಳಿಗೆ, ಆಜ್ಞಾಧಿಕಾರ ಅಲ್ಲಾಹನದು ಮಾತ್ರ ಎನ್ನುತ್ತಾರೆ (12:40). ಹದಿನೈದು ಸೂಕ್ತಗಳ ನಂತರ ಅದೇ ಯೂಸುಫರು ಈಜಿಪ್ಟಿನ ಅರಸನೊಡನೆ ನಾಡಿನ ಭಂಡಾರಗಳ ಹೊಣೆ ಕೇಳುತ್ತಾರೆ (12:55). ಇವೆರಡಕ್ಕೂ ಹೊಂದಾಣಿಕೆ ಹೇಗೆ?

ಮೌಲಾನಾ ಮೌದೂದಿಯವರು ತಫ್‌ಹೀಮುಲ್ ಕುರ್‌ಆನ್‌ನಲ್ಲಿ ಕೊಟ್ಟ ಉತ್ತರ ಪ್ರಸಿದ್ಧ. ಯೂಸುಫರು ಕೇಳಿದ್ದು ನೌಕರಿಯಲ್ಲ, ಪೂರ್ಣಾಧಿಕಾರ ಎಂಬುದು ಅವರ ವಾದ. ವಾದ ಬಲವಾದದ್ದೇ. ಆದರೆ 76ನೇ ಸೂಕ್ತ ಅದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅರಸನ ಕಾನೂನಿನಂತೆ ತಮ್ಮನನ್ನು ಇರಿಸಿಕೊಳ್ಳಲು ಯೂಸುಫರಿಗೆ ಸಾಧ್ಯವಿರಲಿಲ್ಲ ಎಂದೇ ಹೆಚ್ಚಿನವರು ಅದನ್ನು ಓದಿದ್ದಾರೆ. ಹಾಗೆ ಮಾಡುವುದು ಅವರಿಗೆ ತಕ್ಕುದಾಗಿರಲಿಲ್ಲ ಎಂದು ಮೌದೂದಿ ಅರ್ಥೈಸುತ್ತಾರೆ. ನನಗೆ ಮೊದಲನೆಯದೇ ಸರಿಯೆನಿಸುತ್ತದೆ. ಕಳ್ಳನಿಗೆ ಶಿಕ್ಷೆಯೇನೆಂದು ಸಹೋದರರ ಬಾಯಿಂದಲೇ ಹೇಳಿಸಬೇಕಾಗಿ ಬಂತಲ್ಲ! ಪೂರ್ಣಾಧಿಕಾರವಿದ್ದವರಿಗೆ ಈ ಸುತ್ತುದಾರಿ ಏಕೆ?

ಪದಗಳನ್ನು ಗಮನಿಸಿ. ಅರಸನ ಕಾನೂನಿಗೆ ಇಲ್ಲಿ ಬಳಸಿದ ಪದ 'ದೀನ್'; ಸೆರೆಮನೆಯ ಮಾತಿನಲ್ಲಿ ನೇರವಾದ ಧರ್ಮಕ್ಕೂ ಅದೇ ಪದ. ಹಲವು 'ರಬ್ಬ್'ಗಳು ಉತ್ತಮವೋ ಒಬ್ಬನೇ ಅಲ್ಲಾಹನೋ ಎಂದು ಕೇಳಿದ ಯೂಸುಫರೇ, ಬಿಡುಗಡೆಯಾಗಲಿದ್ದ ಕೈದಿಗೆ, ನಿನ್ನ 'ರಬ್ಬ್'ನ ಬಳಿ ನನ್ನ ವಿಷಯ ತಿಳಿಸು ಎನ್ನುತ್ತಾರೆ. ಅಲ್ಲಿ ಆ ಪದದ ಅರ್ಥ ಒಡೆಯ, ಅಂದರೆ ಅರಸ. ಕುರ್‌ಆನ್ ಈ ಎರಡು ಅಧಿಕಾರಗಳನ್ನು ಒಂದೇ ಪದದಿಂದ ಕರೆಯಲು ಅಂಜುವುದಿಲ್ಲ. ಅಂಜಿಕೆ ವ್ಯಾಖ್ಯಾನಕಾರರದು.

ಅದೇ ವಾಕ್ಯವನ್ನು ಅದರ ಸಂದರ್ಭದಿಂದ ಕಿತ್ತು ಘೋಷಣೆ ಮಾಡಿದವರೂ ಇದ್ದರು. ಕ್ರಿ.ಶ. 657ರ ಸಿಫ್ಫೀನ್ ಯುದ್ಧದ ನಂತರ ಮಧ್ಯಸ್ಥಿಕೆಗೆ ಒಪ್ಪಿದ ಹಝ್ರತ್ ಅಲಿ(ರ)ಯವರ ವಿರುದ್ಧ ಖಾರಿಜಿಗಳು ಇದನ್ನೇ ಕೂಗಿದರು. ಮಾತು ಸತ್ಯ, ಉದ್ದೇಶ ಮಿಥ್ಯ ಎಂದರು ಅಲಿ. ಜನರಿಗೆ ಒಬ್ಬ ಆಡಳಿತಗಾರ ಬೇಕೇ ಬೇಕಲ್ಲ ಎಂಬುದು ಅವರ ಸರಳ ಪ್ರಶ್ನೆ. 661ರಲ್ಲಿ ಅವರನ್ನು ಕೊಂದದ್ದು ಒಬ್ಬ ಖಾರಿಜಿಯ ಖಡ್ಗ.

ಹಾಗೆಂದು ಯೂಸುಫರನ್ನು ತೋರಿಸಿ, ಅರಸ ಹೇಳಿದ್ದಕ್ಕೆಲ್ಲ ತಲೆಬಾಗಿ ಎನ್ನುವವರ ಮಾತನ್ನೂ ಒಪ್ಪಲಾಗದು. ಬಿಡುಗಡೆಯ ಕರೆ ಬಂದಾಗ ಅವರು ಓಡಿಹೋಗಲಿಲ್ಲ. ಅರಸನ ದೂತನನ್ನು ಹಿಂದಕ್ಕೆ ಕಳಿಸಿದರು: ಮೊದಲು ಆ ಸ್ತ್ರೀಯರ ಪ್ರಕರಣದ ವಿಚಾರಣೆಯಾಗಲಿ, ಹೊರಬರುವುದು ಆಮೇಲೆ.