ಸೇಡಿಗೆ ತಾಯಿ ಇದ್ದಾಳೆ, ಊರಿಲ್ಲ

ಲಾಂಗು–ಮಚ್ಚಿನ ಸಿನಿಮಾ ಎಂದು ನಾವು ಕರೆಯುವ ಪರಂಪರೆಗೆ ಕನ್ನಡದಲ್ಲಿ ಮೂವತ್ತು ವರ್ಷ ತುಂಬಿದೆ. ಅದಕ್ಕೂ ಮುಂಚೆ ನಮ್ಮ ತೆರೆಯ ಮೇಲೆ ಖಳರಿದ್ದರು, ಕಳ್ಳಸಾಗಣೆದಾರರಿದ್ದರು. ಆದರೆ ರೌಡಿಯನ್ನೇ ಕಥೆಯ ನಡುಮನೆಯಲ್ಲಿ ಕೂರಿಸಿ ಅವನ ಕಣ್ಣಿನಿಂದ ಬೆಂಗಳೂರನ್ನು ತೋರಿಸಿದ್ದು 1995ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಓಂ’. ನಿಜವಾದ ರೌಡಿಗಳೇ ಅದರಲ್ಲಿ ಬಣ್ಣ ಹಚ್ಚಿದ್ದರು. ಅಲ್ಲಿಂದ ‘ಜೋಗಿ’, ‘ದುನಿಯಾ’, ‘ಆ ದಿನಗಳು’, ‘ಕಡ್ಡಿಪುಡಿ’, ‘ಟಗರು’, ‘ಸಲಗ’, ‘ಕೆ.ಜಿ.ಎಫ್’ವರೆಗೆ ಬಂದ ಈ ದಾರಿ ಕನ್ನಡ ಚಿತ್ರರಂಗಕ್ಕೆ ಹಣ ತಂದಿದೆ, ಒಳ್ಳೆಯ ನಟರನ್ನು ಕೊಟ್ಟಿದೆ, ಸಂಕಲನ ಮತ್ತು ಛಾಯಾಗ್ರಹಣದಲ್ಲಿ ಹೊಸತನ್ನು ಕಲಿಸಿದೆ. ಈ ಪರಂಪರೆಯನ್ನು ಹಗುರವಾಗಿ ತೆಗೆದುಹಾಕುವ ವಿಮರ್ಶೆ ನನ್ನದಲ್ಲ. ನನ್ನ ತಕರಾರು ಬೇರೆ. ಈ ಚಿತ್ರಗಳಲ್ಲಿ ಊರು ಬಿಟ್ಟು ಬಂದವರಿದ್ದಾರೆ, ಅವರ ನಡುವಿನ ಹಗೆಯಿದೆ, ಸೇಡಿದೆ. ಇಲ್ಲದಿರುವುದು ಇತಿಹಾಸ. ಈ ಜನ ಯಾಕೆ ಊರು ಬಿಟ್ಟರು, ಯಾರ ಜಾಗಕ್ಕೆ ಬಂದರು, ಯಾರು ಅವರನ್ನು ಹೊರಗಿನವರೆಂದರು ಎಂಬ ಪ್ರಶ್ನೆ ಎದುರಾದ ಕೂಡಲೇ ಕಥೆ ತಾಯಿಯ ಮಡಿಲಿಗೆ ಓಡುತ್ತದೆ.

ಪ್ರೇಮ್ ನಿರ್ದೇಶನದ ‘ಜೋಗಿ’ಯನ್ನೇ (2005) ಹತ್ತಿರದಿಂದ ನೋಡೋಣ. ಮಲೆ ಮಾದಪ್ಪನ ಹೆಸರು ಹೊತ್ತ ಮಾದೇಶ ಹಳ್ಳಿಯಿಂದ ಬೆಂಗಳೂರಿಗೆ ಬರುತ್ತಾನೆ. ಬಯಸದೆಯೇ ಭೂಗತ ಜಗತ್ತಿನ ದೊರೆಯಾಗುತ್ತಾನೆ. ಅರುಂಧತಿ ನಾಗ್ ಅಭಿನಯಿಸಿದ ತಾಯಿ ಮಗನನ್ನು ಹುಡುಕಿಕೊಂಡು ಅದೇ ಬೆಂಗಳೂರಿಗೆ ಬರುತ್ತಾಳೆ. ಕಡೆಗೆ ಮಗ ಶವಯಾತ್ರೆಯೊಂದರ ಮುಂದೆ ಹೆಜ್ಜೆ ಹಾಕಿ ಕುಣಿಯುತ್ತಾನೆ; ಹೊತ್ತೊಯ್ಯುತ್ತಿರುವುದು ತನ್ನ ತಾಯಿಯನ್ನೇ ಎಂಬುದು ಅವನಿಗೆ ಗೊತ್ತಿಲ್ಲ. ಕನ್ನಡ ಜನಪ್ರಿಯ ಚಿತ್ರಗಳಲ್ಲಿ ಇಷ್ಟು ಕ್ರೂರವಾದ, ಇಷ್ಟು ಸರಿಯಾದ ದೃಶ್ಯ ಕಡಿಮೆ. ವಲಸೆ ಮನುಷ್ಯನಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಅದು ಒಂದು ಕುಣಿತದಲ್ಲಿ ಹೇಳಿಬಿಡುತ್ತದೆ. ಆದರೆ ಅಲ್ಲಿಗೇ ನಿಲ್ಲುತ್ತದೆ. ನಗರ ಅಲ್ಲಿ ತಾಯಿ–ಮಗನನ್ನು ತಪ್ಪಿಸುವ ಒಂದು ಜಾತ್ರೆ ಮಾತ್ರ; ಆ ನಗರದಲ್ಲಿ ಮಾರುಕಟ್ಟೆ ಯಾರ ಕೈಯಲ್ಲಿದೆ, ಮಾದೇಶನಂಥವರ ಕೈಗೆ ಮಚ್ಚು ಕೊಡುವುದರಿಂದ ಯಾರಿಗೆ ಲಾಭ ಎಂಬುದು ತೆರೆಯ ಹೊರಗೇ ಉಳಿಯುತ್ತದೆ. ಸೂರಿಯ ‘ದುನಿಯಾ’ (2007) ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅದರ ಶಿವಲಿಂಗು ಕಲ್ಲುಕ್ವಾರಿಯ ಕೂಲಿ. ಕೆಲಸ, ಧೂಳು, ಹಸಿವು ಅಲ್ಲಿ ಮೈಗೆ ತಾಗುವಂತಿವೆ. ಆದರೂ ಅವನನ್ನು ನಡೆಸುವುದು ಸತ್ತ ತಾಯಿಗೊಂದು ಗೋರಿ ಕಟ್ಟಬೇಕೆಂಬ ಆಸೆ.

ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್’ನ ಎರಡು ಭಾಗಗಳಲ್ಲಿ (2018, 2022) ಈ ಸೂತ್ರ ಪೂರ್ತಿ ಬಲಿತು ನಿಂತಿತು. ಬಡ ತಾಯಿಗೆ ಕೊಟ್ಟ ಮಾತು, ಮುಂಬೈಗೆ ಹೋದ ಹುಡುಗ, ಚಿನ್ನದ ಗಣಿ. ಇದು ಸ್ವಾತಂತ್ರ್ಯಾನಂತರದ ದಶಕಗಳ ಕಥೆಯೆಂದು ಚಿತ್ರವೇ ಹೇಳಿಕೊಳ್ಳುತ್ತದೆ. ಆದರೆ ನಿಜವಾದ ಕೋಲಾರದ ಗಣಿಯಲ್ಲಿ ಜಾನ್ ಟೇಲರ್ ಕಂಪನಿಯ ಕಾಲದಿಂದ ದುಡಿದವರು ಬಹುಪಾಲು ತಮಿಳು, ತೆಲುಗು ಸೀಮೆಗಳಿಂದ ಬಂದ ವಲಸಿಗರು. ಅವರು 1930ರಲ್ಲಿ ಬೆರಳಚ್ಚು ತೆಗೆದುಕೊಳ್ಳುವ ನಿಯಮದ ವಿರುದ್ಧ ಮುಷ್ಕರ ಹೂಡಿದವರು, ಸಂಘ ಕಟ್ಟಿದವರು, 2001ರಲ್ಲಿ ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರು. ಚಿತ್ರದ ಗಣಿಯಾದ ನರಾಚಿಯಲ್ಲಿ ಈ ಜನಕ್ಕೆ ಸ್ವಂತ ಇಚ್ಛೆಯಿಲ್ಲ; ಒಬ್ಬ ಬಂದು ಬಿಡಿಸುವವರೆಗೆ ಕಾಯುವುದೇ ಅವರ ಪಾತ್ರ. ಮುಂಬೈಯ ಭಾಗವೂ ಹಾಗೆಯೇ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ಮೇಲೆ, ಉಡುಪಿ ಹೋಟೆಲುಗಳ ಮೇಲೆ ನಡೆದ ದಾಳಿ ಕನ್ನಡಿಗರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಕನ್ನಡದ ಹುಡುಗನೊಬ್ಬ ಆ ಮುಂಬೈಯಲ್ಲಿ ಬೆಳೆದು ಡಾನ್ ಆಗುವ ಕಥೆಯಲ್ಲಿ ಅದರ ಗಾಳಿಯೂ ಸುಳಿಯುವುದಿಲ್ಲ. ಮಣಿರತ್ನಂ 1987ರಲ್ಲೇ ‘ನಾಯಗನ್’ ಮಾಡಿ ಮುಂಬೈಯ ಕೊಳೆಗೇರಿಯ ತಮಿಳರನ್ನು ಒಂದು ಸಮುದಾಯವಾಗಿ ತೋರಿಸಿದ್ದರು. ಆ ಮಾದರಿ ಪಕ್ಕದಲ್ಲೇ ಇತ್ತು.

ದೂರದ ಹೋಲಿಕೆಯೊಂದು ಇಲ್ಲಿ ಬೇಕು. ಮಾರ್ಟಿನ್ ಸ್ಕಾರ್ಸೆಸೆಯ ‘ಗ್ಯಾಂಗ್ಸ್ ಆಫ್ ನ್ಯೂಯಾರ್ಕ್’ (2002) ಕೂಡ ಸೇಡಿನ ಕಥೆಯೇ. 1846ರ ಬೀದಿ ಕಾಳಗದಲ್ಲಿ ಐರಿಶ್ ವಲಸಿಗರ ನಾಯಕನನ್ನು ‘ನೇಟಿವ್’ ಗುಂಪಿನ ಬಿಲ್ ಕೊಲ್ಲುತ್ತಾನೆ; ಮಗ ಹದಿನಾರು ವರ್ಷದ ಮೇಲೆ ಲೆಕ್ಕ ತೀರಿಸಲು ಬರುತ್ತಾನೆ. ನಮ್ಮ ಯಾವ ಗಾಂಧಿನಗರದ ಕಥೆಗಾರನಾದರೂ ಬರೆಯಬಹುದಾದ ಎಳೆ. ಆದರೆ ಇಬ್ಬರೂ ಕೊನೆಗೆ ಎದುರುಬದುರಾದಾಗ ನಗರ 1863ರ ಸೈನ್ಯಭರ್ತಿ ದಂಗೆಯಲ್ಲಿ ಉರಿಯುತ್ತಿರುತ್ತದೆ. ಮುನ್ನೂರು ಡಾಲರ್ ಕೊಟ್ಟವನಿಗೆ ಯುದ್ಧದಿಂದ ವಿನಾಯಿತಿ, ಕೊಡಲಾರದ ಬಡ ವಲಸಿಗನಿಗೆ ಬಂದೂಕು. ಆ ಹೊಗೆಯಲ್ಲಿ ಇವರಿಬ್ಬರ ಖಾಸಗಿ ಸೇಡು ಸಣ್ಣದಾಗಿ ಕಾಣುತ್ತದೆ, ಹೆಚ್ಚುಕಡಿಮೆ ಅರ್ಥ ಕಳೆದುಕೊಳ್ಳುತ್ತದೆ. ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಹಡಗುಗಳಿಂದ ನಗರದ ಮೇಲೆ ಫಿರಂಗಿ ಹಾರಿಸಿದ್ದು ಕಲ್ಪನೆ. ಅದಕ್ಕಿಂತ ದೊಡ್ಡ ಲೋಪವೆಂದರೆ, ಆ ದಂಗೆಯಲ್ಲಿ ಐರಿಶರ ಕೈಯಿಂದಲೇ ಸತ್ತ ಕಪ್ಪುಜನರು ಹಿನ್ನೆಲೆಗೆ ಸರಿದಿದ್ದಾರೆ. ಆದರೂ ಅದರ ಮೂಲ ತಿಳಿವಳಿಕೆ ಗಟ್ಟಿ: ಅಲ್ಲಿ ಇತಿಹಾಸ ಸೇಡನ್ನು ನುಂಗುತ್ತದೆ. ನಮ್ಮಲ್ಲಿ ಸೇಡೇ ಇತಿಹಾಸವನ್ನು ನುಂಗಿ ಕೂರುತ್ತದೆ. 1991ರ ಡಿಸೆಂಬರಿನಲ್ಲಿ ಕಾವೇರಿ ಮಧ್ಯಂತರ ಆದೇಶದ ಬೆನ್ನಿಗೆ ಬೆಂಗಳೂರಿನ ತಮಿಳು ವಸತಿಗಳ ಮೇಲೆ ದಾಳಿ ನಡೆಯಿತು, ಜೀವಗಳು ಹೋದವು, ಸಾವಿರಾರು ಜನ ಊರು ಬಿಟ್ಟರು. ಅದಾದ ನಾಲ್ಕು ವರ್ಷದೊಳಗೆ ಬಂದ ‘ಓಂ’ನಿಂದ ಹಿಡಿದು ಇವತ್ತಿನವರೆಗೆ, ಬೆಂಗಳೂರಿನ ಬೀದಿ ಯಾರದೆಂಬ ಪ್ರಶ್ನೆಯ ಮೇಲೇ ನಿಂತಿರುವ ಈ ಪ್ರಕಾರದ ದೊಡ್ಡ ಚಿತ್ರಗಳು ಯಾವುವೂ ಆ ಡಿಸೆಂಬರಿನ ಕಡೆ ತಿರುಗಿ ನೋಡಿಲ್ಲ.

ಅಪವಾದಗಳಿವೆ, ಅವನ್ನು ಮರೆಯಬಾರದು. ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಆಧರಿಸಿ ಕೆ.ಎಂ. ಚೈತನ್ಯ ಮಾಡಿದ ‘ಆ ದಿನಗಳು’ (2007) ಬೆಂಗಳೂರಿನ ಭೂಗತ ದೊರೆಗಳಾದ ಕೊತ್ವಾಲ್ ರಾಮಚಂದ್ರ ಮತ್ತು ಜಯರಾಜ್‌ರ ಕಾಲವನ್ನು ಅವರ ನಿಜ ಹೆಸರಿನಲ್ಲೇ ತೋರಿಸಿತು. ಗಿರೀಶ ಕಾರ್ನಾಡರು ಕೈಜೋಡಿಸಿದ ಅದರ ಚಿತ್ರಕಥೆಯಲ್ಲಿ ಹೊಡೆತಕ್ಕಿಂತ ಹೊಡೆತದ ಭಯವೇ ಹೆಚ್ಚು. ಮಾತು, ಕಾಯುವಿಕೆ, ಕಾರಿನೊಳಗಿನ ಮೌನ. ಜಯರಾಜ್‌ನ ಏಳಿಗೆಗೂ ಎಪ್ಪತ್ತರ ದಶಕದ ರಾಜಕಾರಣಕ್ಕೂ ಇದ್ದ ನಂಟನ್ನು ‘ಹೆಡ್ ಬುಷ್’ (2022) ನೇರವಾಗಿ ಕೈಗೆತ್ತಿಕೊಂಡಿತು. ಕರಾವಳಿಯಲ್ಲಿ ರಾಜ್ ಬಿ. ಶೆಟ್ಟಿಯ ‘ಗರುಡ ಗಮನ ವೃಷಭ ವಾಹನ’ (2021) ಎಲ್ಲಿಂದಲೋ ಬಂದ ಅನಾಥ ಹುಡುಗನನ್ನು ಮಂಗಳಾದೇವಿಯ ಬೀದಿಗೆ ಬಿಟ್ಟು, ಆ ಬೀದಿ ಅವನನ್ನು ಏನು ಮಾಡಿತು ಎಂದು ನೋಡಿತು. ಮೂರೂ ಬೆಲೆಯುಳ್ಳ ಪ್ರಯತ್ನಗಳು. ಆದರೆ ಮೊದಲೆರಡರ ಕಣ್ಣು ವ್ಯಕ್ತಿಗಳ ಮೇಲೆ, ಮೂರನೆಯದರ ಕಣ್ಣು ಪುರಾಣದ ಮೇಲೆ. ಗುಂಪು ಹೇಗೆ ಹುಟ್ಟುತ್ತದೆ, ‘ನಮ್ಮವರು’ ಮತ್ತು ‘ಬಂದವರು’ ಎಂಬ ಗೆರೆಯನ್ನು ಯಾರು ಎಳೆಯುತ್ತಾರೆ ಎಂಬಲ್ಲಿಗೆ ಅವು ಹೋಗಲಿಲ್ಲ.

ಆ ಗೆರೆಯ ಕಥೆ ನಮ್ಮ ನೆಲದಲ್ಲೇ ಇದೆ, ಅದೂ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ. ಇಂದು ಆ ಕೋಟೆಗೆ ಹೋಗುವವರು ಅರವತ್ತು ಕಂಬದ ಗುಡಿ ಎಂದು ಹೆಸರಾದ ನಗರೇಶ್ವರ ದೇವಾಲಯವನ್ನೂ ನವಿಲುಗಳನ್ನೂ ನೋಡಿ ಬರುತ್ತಾರೆ. 1675ರಲ್ಲಿ ಅದೇ ಕೋಟೆ ಸೆರೆಮನೆಯಾಗಿತ್ತು. ಬಿಜಾಪುರದ ಎರಡನೆಯ ಅಲಿ ಆದಿಲ್‌ಶಾ 1672ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಸಿಕಂದರ್ ನಾಲ್ಕು ವರ್ಷದ ಕೂಸು. ರಾಜ್ಯದ ಸೂತ್ರ ಹಬಶಿ ಮೂಲದ ಖವಾಸ್ ಖಾನನ ಕೈಗೆ ಬಂತು. ಅವನ ಹಿಂದಿದ್ದವರು ನೆಲದವರೆನಿಸಿಕೊಂಡ ‘ದಖ್ಖನಿ’ಗಳು. ಎದುರಿಗಿದ್ದವನು ಅಫ್ಘನ್ ದಂಡಿನ ನಾಯಕ, ಮಿಯಾನಾ ಮನೆತನದ ಬಹಲೋಲ್ ಖಾನ್. ಮೊಗಲರ ನೆರವಿನಿಂದ ಅಫ್ಘನ್ನರ ಬಲ ಮುರಿಯಲು ಖವಾಸ್ ಖಾನ್ ಸಿದ್ಧನಾಗುತ್ತಿದ್ದ. ಬಹಲೋಲ್ ಮೊದಲು ಕೈಮಾಡಿದ: 1675ರ ನವೆಂಬರಿನಲ್ಲಿ ಅವನನ್ನು ಔತಣಕ್ಕೆ ಕರೆದು ಸೆರೆಹಿಡಿದು ಬಂಕಾಪುರಕ್ಕೆ ಕಳಿಸಿದ. ಅಧಿಕಾರ ಅಫ್ಘನ್ನರ ಪಾಲಾಯಿತು. 1676ರ ಜನವರಿಯಲ್ಲಿ ಬಹಲೋಲನ ಬಲಗೈಯಾಗಿದ್ದ ಖಿಜರ್ ಖಾನ್ ಪನ್ನಿಯನ್ನು ದಖ್ಖನಿಯೊಬ್ಬ ಇರಿದು ಕೊಂದ. ಅದರ ಸೇಡಿಗೆ ಸೆರೆಯಲ್ಲಿದ್ದ ಖವಾಸ್ ಖಾನನ ಕೊಲೆಯಾಯಿತು. ಅಲ್ಲಿಂದ ಎರಡು ಬಣಗಳ ನಡುವೆ ಬಹಿರಂಗ ಯುದ್ಧ. ಮರುವರ್ಷದ ಕೊನೆಗೆ ಬಹಲೋಲನೂ ಸತ್ತ. ಸಂಬಳ ಬಾಕಿ ಉಳಿದ ಅಫ್ಘನ್ ಸೈನಿಕರು ಬಿಜಾಪುರದ ಬೀದಿಗಳಲ್ಲಿ ಜನರನ್ನು ಹಿಂಡಿ ವಸೂಲಿಗೆ ಇಳಿದರು. ಹತ್ತು ವರ್ಷ ಕಳೆಯುವುದರೊಳಗೆ, 1686ರಲ್ಲಿ, ಔರಂಗಜೇಬ ಬಿಜಾಪುರವನ್ನು ತೆಗೆದುಕೊಂಡ. ಮಿಯಾನಾ ಮನೆತನದ ಅಬ್ದುಲ್ ರವೂಫ್ ಖಾನ್ ಅವನ ಸೇವೆಗೆ ಸೇರಿ ಬಂಕಾಪುರ ಸೀಮೆಯನ್ನು ಪಡೆದ, ಮುಂದೆ ಸವಣೂರಿನ ನವಾಬರ ವಂಶಕ್ಕೆ ಮೂಲಪುರುಷನಾದ.

ಈ ಕಥೆಯಲ್ಲಿ ದಖ್ಖನಿ ಎನಿಸಿಕೊಂಡವರಲ್ಲಿ ಆಫ್ರಿಕಾದಿಂದ ಬಂದ ಹಬಶಿಗಳಿದ್ದರು ಎಂಬುದನ್ನು ಗಮನಿಸಬೇಕು. ಮೊದಲು ಬಂದವರು ನೆಲದವರಾದರು, ಆಮೇಲೆ ಬಂದವರು ಪರದೇಶಿಗಳಾದರು. ನ್ಯೂಯಾರ್ಕಿನ ‘ನೇಟಿವ್’ಗಳು ಕೂಡ ವಲಸಿಗರ ಮಕ್ಕಳು, ಮೊಮ್ಮಕ್ಕಳೇ. ನೆಲದ ಹಕ್ಕು ಹುಟ್ಟಿನಿಂದ ಬಂದದ್ದೆಂದು ಹೇಳುವವನ ಹಿಂದೆ ಯಾವಾಗಲೂ ಒಂದು ಹಳೆಯ ಪ್ರಯಾಣ ಇರುತ್ತದೆ. ಇನ್ನೊಂದು ಸಂಗತಿ ಸಂಬಳದ್ದು. ಆ ದಂಡಿನ ನಿಷ್ಠೆ ಹಣದ ಮೇಲೆ ನಿಂತಿತ್ತು. ಖಜಾನೆ ಖಾಲಿಯಾದಾಗ ದಂಡೇ ಗ್ಯಾಂಗ್ ಆಯಿತು. ಸೇಡಿನ ಹಿಂದೆ ಜೇಬಿನ ಲೆಕ್ಕವಿದೆ ಎಂಬುದನ್ನು ನಮ್ಮ ಮಚ್ಚಿನ ಸಿನಿಮಾಗಳು ಕೊನೆಯವರೆಗೆ ಹಿಡಿದು ಹೋಗುವುದಿಲ್ಲ.

ಇಂಥ ಕಥೆಯನ್ನು ತೆರೆಗೆ ತರಬೇಕೆಂದರೆ ಬರುವ ಮೊದಲ ಆಕ್ಷೇಪ ಗೊತ್ತಿರುವುದೇ. ಜನಪ್ರಿಯ ಸಿನಿಮಾ ಪಠ್ಯಪುಸ್ತಕವಲ್ಲ, ತಾಯಿ ನಮ್ಮ ಕಥನದ ಬೇರು, ಆಕೆಯನ್ನು ಕಿತ್ತರೆ ಪ್ರೇಕ್ಷಕ ಎದ್ದು ಹೋಗುತ್ತಾನೆ. ತಾಯಿಯನ್ನು ಕೀಳಬೇಕೆಂದು ನಾನು ಹೇಳುತ್ತಿಲ್ಲ, ಆಕೆ ಬದುಕಿದ ವಲಸೆಯನ್ನೂ ತೋರಿಸಿ ಎನ್ನುತ್ತಿದ್ದೇನೆ. ಬಂಕಾಪುರವಿದ್ದ ಧಾರವಾಡ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಉತ್ತರ ಕರ್ನಾಟಕದಿಂದ ಮುಂಬೈಗೆ, ಗೋವೆಗೆ, ಮಂಗಳೂರಿಗೆ, ಈಗ ಬೆಂಗಳೂರಿಗೆ ಗುಳೆ ಹೋಗುವುದು ಮನೆಮನೆಯ ಮಾತು. ಗೋವೆಯ ವಾಸ್ಕೋದ ಬೈನಾದಲ್ಲಿ 2004ರಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡದ ತಾಯಂದಿರೇ ಬಹಳ. ಅವರಿಗೆ ಮಗನ ಕೈಗೆ ಪ್ರತಿಜ್ಞೆ ಕೊಡುವುದರ ಆಚೆಗೂ ಬದುಕಿತ್ತು: ಬಾಡಿಗೆ, ರೇಷನ್ ಕಾರ್ಡು, ಗುತ್ತಿಗೆದಾರನ ಮುಂಗಡ, ‘ಘಾಟಿ’ ಎಂಬ ಬೈಗುಳ. ಇವನ್ನು ತೆರೆಗೆ ತಂದರೆ ತಾಯಿ ಇನ್ನಷ್ಟು ಗಟ್ಟಿಯಾಗುತ್ತಾಳೆ, ಕಣ್ಣೀರೂ ಕಡಿಮೆಯಾಗುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಅಫ್ಘನ್ನರ, ಹಬಶಿಗಳ ಕತ್ತಿಯ ಕಥೆಯನ್ನು ಇಂದು ತೆರೆಗೆ ತಂದರೆ ಅದು ಮುಸಲ್ಮಾನರ ಮೇಲಿನ ಹಗೆಗೆ ಉರುವಲಾಗುವುದಿಲ್ಲವೇ? ಕೆಟ್ಟದಾಗಿ ಮಾಡಿದರೆ ಖಂಡಿತ ಆಗುತ್ತದೆ. ನಮ್ಮ ಐತಿಹಾಸಿಕ ಚಿತ್ರಗಳ ಚಾಳಿಯೂ ಅದಕ್ಕೆ ಒಗ್ಗುವಂಥದ್ದು. ‘ಮಯೂರ’ದಿಂದ (1975) ‘ಸಂಗೊಳ್ಳಿ ರಾಯಣ್ಣ’ನವರೆಗೆ (2012) ಒಳಗಿನವನು ಶುದ್ಧ, ಕೇಡು ಹೊರಗಿನಿಂದ ಬಂದದ್ದು. ಆದರೆ 1676ರ ಬಂಕಾಪುರದ ಪ್ರಕರಣ ಆ ಚಾಳಿಗೆ ಒಗ್ಗುವುದೇ ಇಲ್ಲ. ಕೊಂದವನೂ ಸತ್ತವನೂ ಒಂದೇ ಧರ್ಮದವರು; ಒಳಗು–ಹೊರಗಿನ ಗೆರೆ ಧರ್ಮದ ಮೇಲೆ ಬಿದ್ದಿರಲಿಲ್ಲ, ಬಂದ ಕಾಲದ ಮೇಲೆ, ಜಹಗೀರಿನ ಮೇಲೆ, ದಂಡಿನ ಮೇಲೆ ಬಿದ್ದಿತ್ತು. ಆ ಸತ್ಯವನ್ನು ಬಿಟ್ಟುಕೊಡದೆ ಬರೆದ ಚಿತ್ರಕಥೆ ಹಗೆಯ ವ್ಯಾಪಾರಿಗೆ ಬಳಕೆಗೆ ಬರುವುದಿಲ್ಲ.

ಇಂಥ ಚಿತ್ರಕ್ಕೆ ಹಣ ಎಲ್ಲಿಂದ ತರುವುದು ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ನರಾಚಿಯನ್ನು ಕಟ್ಟಿ ನಿಲ್ಲಿಸಿದ ಉದ್ಯಮಕ್ಕೆ ಒಂದು ಕೋಟೆ ದೊಡ್ಡದಲ್ಲ. ಕಷ್ಟವಿರುವುದು ಮಾತಿನಲ್ಲಿ. ಖವಾಸ್ ಖಾನನ ಬಾಯಲ್ಲಿ ಬೆಂಗಳೂರಿನ ಪಂಚಿಂಗ್ ಡೈಲಾಗ್ ಹಾಕಿದರೆ ಕಥೆ ಅಲ್ಲೇ ಸತ್ತುಹೋಗುತ್ತದೆ. ಅಲ್ಲಿ ದಖ್ಖನಿ ಭಾಷೆ ಬೇಕು, ಕೋಟೆಯ ಕಾವಲುಗಾರನ ಬಾಯಲ್ಲಿ ಆ ಸೀಮೆಯ ಕನ್ನಡ ಬೇಕು, ಎರಡೂ ಒಂದಕ್ಕೊಂದು ಬೆರೆತ ಪೇಟೆಯ ನುಡಿ ಬೇಕು. ಸವಣೂರು, ಶಿಗ್ಗಾಂವಿ, ಹಾನಗಲ್ಲಿನ ಪೇಟೆಗಳಲ್ಲಿ ಅಂಥ ಮಾತು ಇಂದಿಗೂ ದಿನದ ವ್ಯವಹಾರದಲ್ಲಿದೆ. ಅದನ್ನು ಕಿವಿಗೊಟ್ಟು ಕೇಳಿದ ಬರಹಗಾರನನ್ನು ಚಿತ್ರಕಥೆಯ ಮೊದಲ ದಿನವೇ ಕೂರಿಸಿಕೊಳ್ಳಬೇಕು. ಶೂಟಿಂಗ್ ಮುಗಿದ ಮೇಲೆ ಡಬ್ಬಿಂಗಿನಲ್ಲಿ ‘ಉತ್ತರ ಕರ್ನಾಟಕ ಟಚ್’ ಕೊಡುವವನಿಂದ ಈ ಕೆಲಸ ಆಗುವುದಿಲ್ಲ.