ಬನವಾಸಿಯ ದುಂಬಿ, ಕಾಟುಮೂಲೆಯ ತೋಟ

ಪಂಪನ ಬನವಾಸಿಯ ಪದ್ಯಗಳನ್ನು ನಮ್ಮ ಶಾಲೆಗಳಲ್ಲಿ ನಾಡಪ್ರೇಮದ ಪದ್ಯಗಳು ಅಂತಲೇ ಕಲಿಸುವುದು. ನವೆಂಬರ್ 1ಕ್ಕೆ ವೇದಿಕೆ ಹತ್ತಿದವರು ಅವನ್ನೊಮ್ಮೆ ಹೇಳದೆ ಇಳಿಯುವುದಿಲ್ಲ. ಗಡಿಯ ಈಚೆ ಉಳಿದ ಕಾಸರಗೋಡಿನವರ ಮನಸ್ಸಿಗೆ ಅವು ತಾಗುವುದು ಸಹಜ. ಪಂಪನಿಗೂ ಆಶ್ರಯ ಸಿಕ್ಕಿದ್ದು ಬನವಾಸಿಯಲ್ಲಲ್ಲ, ಇವತ್ತು ತೆಲಂಗಾಣಕ್ಕೆ ಸೇರಿದ ವೇಮುಲವಾಡದ ಅರಸ ಅರಿಕೇಸರಿಯಲ್ಲಿ. ಆದರೆ ಆ ಪದ್ಯಗಳಲ್ಲಿ ನಾಡಪ್ರೇಮಕ್ಕಿಂತ ವಿಚಿತ್ರವಾದ ಒಂದು ಮಾತುಂಟು. ಅದರ ಹತ್ತಿರ ಯಾರೂ ನಿಲ್ಲುವುದಿಲ್ಲ.

ಹೇಳುವವನು ಅರ್ಜುನ. ತ್ಯಾಗ, ಭೋಗ, ವಿದ್ಯೆ, ಹಾಡು ಇವುಗಳ ರುಚಿ ಬಲ್ಲ ಮನುಷ್ಯನಾಗಿ ಅಲ್ಲಿ ಹುಟ್ಟಬೇಕು ಎಂಬುದು ಅವನ ಮೊದಲ ಆಸೆ. ಅದು ಆಗದಿದ್ದರೆ? ಆ ತೋಟದಲ್ಲೊಂದು ದುಂಬಿಯಾದರೂ ಸಾಕು, ಕೋಗಿಲೆಯಾದರೂ ಸಾಕು ಎನ್ನುತ್ತಾನೆ. ಮನುಷ್ಯನಿಗಿಂತ ಕೆಳಗಿನ ಮೆಟ್ಟಿಲು ಅಂತಲೇ ಇಟ್ಟುಕೊಳ್ಳಿ. ಆದರೂ ಅರಸುಕುಲದ ಬಿಲ್ಲುಗಾರನೊಬ್ಬ ಹುಳದ ಜನ್ಮವನ್ನು ನಾಚಿಕೆಯಿಲ್ಲದೆ ಕೇಳುವುದು ಸಣ್ಣ ಮಾತಲ್ಲ.

ಸ್ವಲ್ಪ ಮುಂದೆ ಓದಿದರೆ ಅದೇ ಅರ್ಜುನ ಖಾಂಡವವನವನ್ನು ಅಗ್ನಿಗೆ ಉಣಿಸುತ್ತಾನೆ. ಆ ಕಾಡಿನಲ್ಲಿ ದುಂಬಿ ಇರಲಿಲ್ಲವೇ, ಕೋಗಿಲೆ ಇರಲಿಲ್ಲವೇ? ಬೆರಗೂ ಬೆಂಕಿಯೂ ಒಂದೇ ಕಾವ್ಯದಲ್ಲಿ, ಒಬ್ಬನೇ ನಾಯಕನಲ್ಲಿ. ಇದನ್ನು ವಿರೋಧಾಭಾಸ ಎಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಯಾಕೆಂದರೆ ಭಾರತದ ಕತೆ ಸುಟ್ಟ ಕಾಡಿನ ಲೆಕ್ಕ ಮರೆಯುವುದಿಲ್ಲ. ಕರ್ಣಪರ್ವದ ತಾಳಮದ್ದಳೆ ಕೇಳಿದವರಿಗೆಲ್ಲ ಅಶ್ವಸೇನ ಗೊತ್ತು. ತಾಯಿಯನ್ನು ಖಾಂಡವದಲ್ಲಿ ಕಳಕೊಂಡ ಹಾವು ಅದು. ಎಷ್ಟೋ ವರ್ಷದ ನಂತರ ಕರ್ಣನ ಬಾಣವಾಗಿ ಅರ್ಜುನನ ಕಿರೀಟಕ್ಕೆ ಬಂದು ತಾಗುತ್ತದೆ.

ನಮ್ಮಲ್ಲೂ ಲೆಕ್ಕ ಹೀಗೇ ಬಂತು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಚೆಲ್ಲುತ್ತಿದ್ದ ಕಾಲದಲ್ಲಿ ಜೇನು ಸತ್ತಿತು, ಮೀನು ಸತ್ತಿತು ಎಂದು ಪಡ್ರೆ ಕಡೆಯವರು ಹೇಳಿದರು. ಹುಳ ಸತ್ತ ಸುದ್ದಿ ಯಾರಿಗೆ ಬೇಕು ಮಾರಾಯ್ರೆ? ಮಕ್ಕಳ ಫೋಟೋ ಪತ್ರಿಕೆಗೆ ಬಂದ ಮೇಲೆಯೇ ಊರಾಚೆಯವರು ತಿರುಗಿ ನೋಡಿದ್ದು. ಸುಪ್ರೀಂ ಕೋರ್ಟು ಅದನ್ನು ತಡೆಯುವಾಗ 2011 ಆಗಿತ್ತು.

ಈಗ ಕಾರಂತರ ‘ಬೆಟ್ಟದ ಜೀವ’ಕ್ಕೆ ಬರುತ್ತೇನೆ. 1943ರ ಕಾದಂಬರಿ. ಸುಬ್ರಹ್ಮಣ್ಯದ ಆಚೆ, ಬೆಟ್ಟದ ಬುಡದಲ್ಲಿ, ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯನ ಕತೆ. ಅಡಕೆ ಕೃಷಿಕರಾದ ನಮಗೆ ಅದು ನೆಂಟರ ಮನೆಯ ಹಾಗೆ. ವಿಮರ್ಶಕರು ಅದನ್ನು ಪ್ರಕೃತಿಯೊಂದಿಗಿನ ಮನುಷ್ಯನ ಹೋರಾಟ ಎಂದು ಹೊಗಳುತ್ತಾ ಬಂದಿದ್ದಾರೆ. ನನಗೆ ‘ಹೋರಾಟ’ ಎಂಬ ಮಾತೇ ಅಲ್ಲಿಗೆ ಸರಿಹೊಂದುವುದಿಲ್ಲ. ಗೋಪಾಲಯ್ಯ ಗುಡ್ಡೆಯನ್ನು ವೈರಿಯ ಹಾಗೆ ನೋಡುವವನಲ್ಲ. ನೀರು ಎಲ್ಲಿಂದ ಇಳಿಯುತ್ತದೆ, ಯಾವ ಮಣ್ಣಿಗೆ ಯಾವ ಗಿಡ ಹಿಡಿಯುತ್ತದೆ ಎಂಬುದು ಮೈಯಲ್ಲೇ ಇಳಿದವನು. ಅವನ ಬೆರಗು ದೂರದಲ್ಲಿ ನಿಂತು ನೋಡುವವನದ್ದಲ್ಲ, ಹಾರೆ ಹಿಡಿದವನದ್ದು. ಅರ್ಜುನ ಯಾತ್ರಿಕ, ಇವನು ಒಕ್ಕಲು. ಈ ವಿಷಯದಲ್ಲಿ ಕಾರಂತರು ಪಂಪನಿಗಿಂತ ಒಂದು ಹೆಜ್ಜೆ ನೆಲಕ್ಕೆ ಹತ್ತಿರ.

ಆದರೆ ಕಾದಂಬರಿಯಲ್ಲಿ ಅಶ್ವಸೇನನಿಲ್ಲ. ಹುಲಿ, ಆನೆ ಬರುವುದು ಕಾಟ ಕೊಡುವವರಾಗಿ. ಮೊದಲು ಅವರದೇ ಜಾಗ ಅದು ಎಂಬ ಅಳುಕು ಆ ಮನೆಯ ಮಾತುಕತೆಯಲ್ಲಿ ಎದ್ದು ಕಾಣುವುದಿಲ್ಲ. ಇದು ನನಗೆ ಕೊರತೆಯೇ. ಅಂದಿನ ಕಾಡು ದೊಡ್ಡದು, ಮನುಷ್ಯರು ಕಡಿಮೆ ಎಂದು ಸಮಜಾಯಿಷಿ ಕೊಡಬಹುದು. ಕೊಟ್ಟರೂ ಇಂದಿನ ಓದುಗ ಆ ಜಾಗದಲ್ಲಿ ಸ್ವಲ್ಪ ತಡವರಿಸಬೇಕಾಗುತ್ತದೆ.

ಲೆಕ್ಕ ಬೇರೆ ದಾರಿಯಲ್ಲಿ ಬರುತ್ತದೆ, ಅದು ಕಾರಂತರ ದೊಡ್ಡತನ. ಇಷ್ಟೆಲ್ಲ ಮಾಡಿದ್ದು ಯಾರಿಗೆ? ಮಗ ಶಂಭು ಮನೆ ಬಿಟ್ಟು ಹೋದವನು, ಎಲ್ಲಿದ್ದಾನೋ ಗೊತ್ತಿಲ್ಲ. ಸಾಕಿದ ನಾರಾಯಣ ಕಾಟುಮೂಲೆಯ ತೋಟದಲ್ಲಿ ನಿಲ್ಲುತ್ತಾನೋ ಇಲ್ಲವೋ ಎಂಬ ಯೋಚನೆ ಬೇರೆ. ಗೋಪಾಲಯ್ಯನ ನಗೆಮಾತುಗಳ ನಡುವೆ, ಶಂಕರಮ್ಮನ ಉಪಚಾರದ ನಡುವೆ, ಈ ಪ್ರಶ್ನೆ ಪುಟಪುಟದಲ್ಲೂ ಒಸರುತ್ತದೆ. ಮಕ್ಕಳು ಬೆಂಗಳೂರಲ್ಲೋ ದುಬಾಯಲ್ಲೋ ಇರುವ, ಕಂಗು ಹತ್ತಲು ಜನ ಸಿಗದ ನಮ್ಮೂರಿನ ಮನೆಗಳಲ್ಲಿ ಆ ಪುಟಗಳನ್ನು ಗಟ್ಟಿಯಾಗಿ ಓದುವುದು ಕಷ್ಟ.