ಕಂಸಾಳೆಯ ಕಾವ್ಯವೂ ಯೂರೋಪಿನ ಲೋಹಸಂಗೀತವೂ

ಎಳಂದೂರು ಸೀಮೆಯ ಮಾಂಬಳ್ಳಿ ಮೊದಲುಗೊಂಡು ಕೊಳ್ಳೇಗಾಲ, ಹನೂರುಗಳನ್ನು ಹಾಯ್ದು ಎಪ್ಪತ್ತೇಳು ಮಲೆಯವರೆಗೆ ಹಬ್ಬಿರುವ ನಾಡು ಎರಡು ಬಗೆಯ ಕಾವ್ಯಕ್ಕೆ ತವರಾಗಿದೆ. ಒಂದು ಓಲೆಗರಿಯದು. ರಾಜಶೇಖರವಿಳಾಸವನ್ನು ರಚಿಸಿದ ಷಡಕ್ಷರದೇವನೂ, ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮನೂ 17ನೆಯ ಶತಮಾನದಲ್ಲಿ ಎಳಂದೂರಿನ ಸಂಬಂಧವುಳ್ಳವರಾಗಿದ್ದರು. ಮತ್ತೊಂದು ಕಂಠದ್ದು, ದೇವರಗುಡ್ಡರು ಕಂಸಾಳೆಯನ್ನು ಹಿಡಿದು ಹಾಡತಕ್ಕ ಮಲೆಯ ಮಾದೇಶ್ವರನ ಕಥೆ. ಈ ಎರಡನೆಯದು 1973ರಲ್ಲಿ ಪಿ. ಕೆ. ರಾಜಶೇಖರ ಅವರ ಸಂಪಾದನೆಯಲ್ಲಿ ಗ್ರಂಥಸ್ಥವಾಗಿ, ಮಹಾಕಾವ್ಯವೆಂಬ ಹೆಸರನ್ನು ಪಡೆಯಿತು. ಅಂದಿನಿಂದ ಅದರ ಕಥಾವಸ್ತು, ಪಾಠಭೇದ, ಸಮಾಜಚಿತ್ರ ಮುಂತಾದವುಗಳ ವಿಚಾರವು ತಕ್ಕಷ್ಟು ನಡೆದಿದೆ. ಆದರೆ ಇಡೀ ರಾತ್ರಿ ಕೇಳುಗನನ್ನು ಕದಲದಂತೆ ಹಿಡಿದಿಡತಕ್ಕ ಶಕ್ತಿ ಯಾವುದೆಂದು ಕೇಳಿದರೆ, ಭಕ್ತಿಯೆಂಬ ಒಂದೇ ಮಾತಿನ ಉತ್ತರ ಬರುತ್ತದೆ. ಒಕ್ಕಲಲ್ಲದವನೂ ಎದ್ದುಹೋಗದೆ ಕುಳಿತಿರುವುದರಿಂದ ಈ ಉತ್ತರ ಸಾಲದು.

ಕಂಸಾಳೆಯೆಂಬ ಹೆಸರು ಕಾಂಸ್ಯತಾಳವೆಂಬುದರಿಂದ ಬಂದುದೆನ್ನುತ್ತಾರೆ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಮತ್ತೊಂದು ಕೈಯಲ್ಲಿ ದಾರಕ್ಕೆ ಪೋಣಿಸಿದ ಚಪ್ಪಟೆಯ ಬಿಲ್ಲೆ. ನಯವಾದ ವಾದ್ಯವೇನೂ ಅಲ್ಲ. ಶ್ರುತಿಸೂಕ್ಷ್ಮಕ್ಕೆ ಪಳಗಿದ ಕಿವಿಗೆ ಮೊದಲ ಅರ್ಧ ಗಳಿಗೆ ಕರ್ಕಶವಾಗಿಯೇ ತೋರುತ್ತದೆ. ದಮ್ಮಡಿ, ಏಕತಾರಿಗಳೊಡನೆ ಹಿಮ್ಮೇಳದವರ ಕಂಠಗಳು ಸೇರಿ ಪಲ್ಲವಿಯನ್ನು ಎತ್ತಿಹಿಡಿದಾಗ ಮುಮ್ಮೇಳದವನ ನುಡಿ ಅನೇಕ ವೇಳೆ ಅದರಲ್ಲಿ ಮುಳುಗಿಹೋಗುವುದೂ ಉಂಟು. ಇದನ್ನು ದೋಷವೆಂದೆಣಿಸುವವರು ನುಡಿ ಬೇರೆ, ನಾದ ಬೇರೆ ಎಂದು ಭಾವಿಸಿ ಹೊರಟವರು.

ಇದೇ ಆಕ್ಷೇಪಣೆ ದೂರದ ಬೇರೊಂದು ಕಲೆಯ ಮೇಲೆಯೂ ಬಂದಿದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಹೆವಿ ಮೆಟಲ್ ಎಂಬ ಸಂಗೀತ (ಹೆಸರಿನಲ್ಲಿಯೇ ಲೋಹವಿರುವುದು ವಿನೋದದ ಸಂಗತಿ) ಕಾಲಕ್ರಮದಲ್ಲಿ ವಾದ್ಯವೃಂದವನ್ನೂ ಮೇಳಗಾನವನ್ನೂ ಕೂಡಿಸಿಕೊಂಡು ದೀರ್ಘಕಥನಕ್ಕೆ ಕೈಹಾಕಿತು. ಇಟಲಿಯ ರಾಪ್ಸೊಡಿ ಎಂಬ ತಂಡವು 1998ರಲ್ಲಿ ಹೊರತಂದ ‘ಸಿಂಫನಿ ಆಫ್ ಎನ್‌ಚಾಂಟೆಡ್ ಲ್ಯಾಂಡ್ಸ್’ ಎಂಬ ಧ್ವನಿಮುದ್ರಿಕೆ ಇದಕ್ಕೆ ಒಳ್ಳೆಯ ಉದಾಹರಣೆ. ಪಚ್ಚೆಯ ಖಡ್ಗವನ್ನರಸಿ ಹೊರಟ ವೀರನ ಕಥೆ ಅದರಲ್ಲಿದೆ. 1997ರಲ್ಲಿ ಆರಂಭವಾದ ಆ ಕಥೆ ಮುಗಿದುದು 2002ರ ಮುದ್ರಿಕೆಯಲ್ಲಿ. ನಡುನಡುವೆ ಸೂತ್ರಧಾರನ ಗದ್ಯ, ಅದರ ಬೆನ್ನಿಗೆ ಮೇಳದ ಗಾನ, ಆಮೇಲೆ ತಂತಿವಾದ್ಯಗಳ ಭೋರ್ಗರೆತ. ಕಡೆಯ ಹಾಡು ಹದಿಮೂರು ನಿಮಿಷಗಳನ್ನು ಮೀರುತ್ತದೆ. ಕಥೆಯನ್ನು ಕಾಗದದ ಮೇಲಿಳಿಸಿ ಓದಿದರೆ ಬಾಲಿಶವೆನ್ನದೆ ವಿಧಿಯಿಲ್ಲ. ಕೇಳುವಾಗ ಹಾಗೆನ್ನಿಸುವುದಿಲ್ಲ. ನಾದವು ಇಲ್ಲಿ ಕಥೆಗೆ ಅಲಂಕಾರವಾಗಿಲ್ಲ, ಅಳತೆಯಾಗಿದೆ. ವೀರನು ದೊಡ್ಡವನೆಂದು ಹೇಳುವ ಬದಲು ಕೇಳುಗನನ್ನೇ ಚಿಕ್ಕವನನ್ನಾಗಿ ಮಾಡುತ್ತದೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡವು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಹಾಡಿದಾಗ ನೆರೆದ ತರುಣರನ್ನು ಸೆಳೆದುದೂ ಬಹುಮಟ್ಟಿಗೆ ಈ ಗುಣವೇ ಇರಬೇಕು.

ಶ್ರವಣನ ಸಾಲಿನಲ್ಲಿ ಕಂಸಾಳೆ ಮಾಡುವ ಕೆಲಸವೂ ಇದೇ. ದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟು ಊಳಿಗಕ್ಕೆ ಹಚ್ಚಿದ ಬಂಕಾಪುರಿಯ ದೊರೆಯ ದರ್ಪವನ್ನು ಒಂಟಿ ಕಂಠದಿಂದ ಹೇಳಿದರೆ ನಗೆ ಬಂದೀತು. ಕಂಚಿನ ಮೊಳಗಿನ ನಡುವೆ ಅದು ನಂಬುಗೆಗೆ ಅರ್ಹವಾಗುತ್ತದೆ. ಇಷ್ಟರಮಟ್ಟಿಗೆ ಎರಡು ಕಲೆಗಳೂ ಒಂದೇ ದಾರಿಯವು.

ಮುಂದೆ ದಾರಿ ಕವಲೊಡೆಯುತ್ತದೆ. ಇಟಲಿಯವರ ಕೃತಿಯಲ್ಲಿ ಮೃದುವಾದ ಭಾಗಗಳು ಇಲ್ಲವೆಂದಲ್ಲ. ಆದರೆ ಅವು ಮುಂದಿನ ಆರ್ಭಟಕ್ಕೆ ಪೀಠಿಕೆಗಳು ಮಾತ್ರ. ಮಾದೇಶ್ವರನ ಕಾವ್ಯದಲ್ಲಿಯಾದರೋ ಸಂಕಮ್ಮನ ಸಾಲು ಬರುತ್ತದೆ. ಸೋಲಿಗರ ನೀಲೇಗೌಡನು ಜೇನಿಗಾಗಿ ಕಾಡಿಗೆ ಹೊರಡುವ ಮುನ್ನ ಹೆಂಡತಿಯಿಂದ ಪಾತಿವ್ರತ್ಯದ ಆಣೆಯನ್ನು ಬೇಡುತ್ತಾನೆ. ಅವಳು ಕೊಡಲೊಲ್ಲಳು. ತಪ್ಪಿರುವಳೆಂದಲ್ಲ, ಆಣೆ ಕೇಳುವುದೇ ಅವಮಾನವೆಂದು. ಅವನು ಅವಳನ್ನು ಹಿಂಸಿಸಿ, ಕಟ್ಟಿಹಾಕಿ ಹೋಗುತ್ತಾನೆ. ನುರಿತ ಗುಡ್ಡನಾದರೆ ಇಲ್ಲಿ ತಾಳವನ್ನು ತಗ್ಗಿಸುತ್ತಾನೆ. ಹಾಡು ಮಾತಿನ ಸಮೀಪಕ್ಕೆ ಇಳಿಯುತ್ತದೆ. ಅದುವರೆಗೆ ಲೋಹದ ಸದ್ದಿಗೆ ಒಗ್ಗಿದ ಕಿವಿಗೆ ಈ ಇಳಿತವೇ ದೊಡ್ಡ ಸದ್ದು. ಮಹಾಕಾವ್ಯದ ಅಳತೆ ದೊರೆಯ ದರ್ಪದಿಂದ ಗುಡಿಸಲಿನ ಹೆಣ್ಣಿನ ‘ಒಲ್ಲೆ’ ಎಂಬ ನುಡಿಗೆ ವರ್ಗವಾಗುತ್ತದೆ. ಎಳಂದೂರಿನ ಹೊನ್ನಮ್ಮನು ಸಾಂಗತ್ಯದಲ್ಲಿ ಸತಿಧರ್ಮವನ್ನು ಬೋಧಿಸಿದಳು. ಹೆಣ್ಣುಹುಟ್ಟನ್ನು ಹೀಗಳೆಯುವವರನ್ನು ನಿಲ್ಲಿಸಿ ಕೇಳಿದವಳೂ ಅವಳೇ. ಅದೇ ಸೀಮೆಯ ಸಂಕಮ್ಮನು ಆ ಧರ್ಮದ ಸಾಕ್ಷ್ಯವನ್ನು ಕೇಳುವ ಹಕ್ಕನ್ನೇ ಗಂಡನಿಗೆ ಒಪ್ಪಲಿಲ್ಲ. ಸಾಹಿತ್ಯಚರಿತ್ರೆಗಳಲ್ಲಿ ಈ ಇಬ್ಬರೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬಿದ್ದಿರುವುದು ಶೋಚನೀಯ.

ಮಾದೇಶ್ವರನು ಬಂದು ಸೆರೆ ಬಿಡಿಸಿದ ಬಳಿಕ ಮೇಳವು ಮತ್ತೆ ಮೊಳಗುತ್ತದೆ. ‘ಉಘೇ’ ಎಂಬ ಉದ್ಘೋಷ ಕೇಳುಗರ ಕಡೆಯಿಂದಲೂ ಏಳುತ್ತದೆ. ಈ ಏಳುಬೀಳುಗಳ ಸಂಧಾನವೇ ಕೃತಿಯ ಬಂಧ. ಇದನ್ನು ಬಿಟ್ಟು ಪುಟದ ಮೇಲಿನ ನುಡಿಯನ್ನಷ್ಟೇ ಪಾಠ ಹೇಳಿದರೆ, ನೂರು ಸಲ ಬರುವ ಪಲ್ಲವಿಯು ವಿದ್ಯಾರ್ಥಿಗೆ ಪುನರುಕ್ತಿದೋಷವಾಗಿ ಕಾಣುವುದು ಸಹಜ. ಇನ್ನೊಂದು ಕಡೆ ಉತ್ಸವಗಳ ವೇದಿಕೆಯ ಮೇಲೆ ಬೀಸು ಕಂಸಾಳೆಯು ಹತ್ತು ನಿಮಿಷಗಳ ಕುಣಿತವಾಗಿ ನಿಂತಿದೆ. ಅದರ ಚಮತ್ಕಾರ ನಿಜವಾದುದೇ. ಬಿಲ್ಲೆ ತಲೆಯ ಮೇಲೆ ಸುತ್ತುವಾಗ ಯಾರೂ ಕಣ್ಣು ತೆಗೆಯಲಾರರು. ಆದರೆ ಅಲ್ಲಿ ಆರ್ಭಟವಷ್ಟೇ ಉಳಿದಿದೆ. ಸಂಕಮ್ಮನಿಗೆ ಬೇಕಾದ ಮೌನಕ್ಕೆ ಹತ್ತು ನಿಮಿಷಗಳಲ್ಲಿ ಎಡೆಯಿಲ್ಲ. ತರಗತಿಯಲ್ಲಿ ಈ ಸಾಲನ್ನು ಪಾಠ ಹೇಳತಕ್ಕವರು ಒಂದು ರಾತ್ರಿಯ ಪೂರ್ಣ ಗಾಯನದ ಧ್ವನಿಮುದ್ರಿಕೆಯನ್ನು, ಅದರ ಆಯ್ದ ತುಣುಕನ್ನಲ್ಲ, ಪಠ್ಯದ ಜೊತೆಗಿಟ್ಟುಕೊಳ್ಳುವುದು ಒಳಿತು. ಶ್ರವಣನ ಸಾಲನ್ನು ಕೇಳಿದ ಕಿವಿಗೆ ಮಾತ್ರ ಸಂಕಮ್ಮನ ಸಾಲಿನ ಇಳಿದನಿ ಕೇಳಿಸುತ್ತದೆ.